ಲಸಿಕೆ: ಆಜ್ಞೆ ಸರ್ಕಾರದ್ದು, ಹೊಣೆ ಯಾರದು?

2017ರ ಫೆಬ್ರವರಿ ತಿಂಗಳ ಒಂದು ಭಾನುವಾರ. ಬೆಳಗಿನ ಎರಡನೆಯ ಬಲಿಪೂಜೆ ಮುಗಿದು ಜನರು ಚದುರುತ್ತಿದ್ದ ಹೊತ್ತು. ನಾವು ಆಗ ಸೇವೆಯಲ್ಲಿದ್ದ ಧರ್ಮಕೇಂದ್ರದ ಒಬ್ಬ ತಂದೆ ಗುರುನಿವಾಸದ ಜಗಲಿಯವರೆಗೆ ಬಂದು ನಿಂತರು. ಅವರ ಒಂದು ಕೈಯಲ್ಲಿ ಮಗಳ ಶಾಲೆಯಿಂದ ಬಂದ ಚೀಟಿಯಿತ್ತು. ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಶಾಲೆಯಲ್ಲಿಯೇ ಲಸಿಕೆ ಹಾಕಲಾಗುವುದೆಂದೂ ಅಂದು ಯಾವ ಮಗುವೂ ಗೈರುಹಾಜರಾಗಕೂಡದೆಂದೂ ಅದರಲ್ಲಿ ಬರೆದಿತ್ತು. ಇನ್ನೊಂದು ಕೈಯಲ್ಲಿ ಮೊಬೈಲು. ಅದರಲ್ಲಿ ಯಾರೋ ಕಳುಹಿಸಿದ ಸಂದೇಶ. ಈ ಸೂಜಿ ಚುಚ್ಚಿಸಿಕೊಂಡ ಹೆಣ್ಣುಮಕ್ಕಳಿಗೆ ಮುಂದೆ ಸಂತಾನವಾಗದು ಎಂಬುದು ಅದರ ಸಾರ.

"ಫಾದರ್, ಇದನ್ನ ಹಾಕಿಸಲೇಬೇಕಾ?" ಎಂದು ಅವರು ಕೇಳಿದರು.

"ಸರ್ಕಾರದ ಆದೇಶ ಅಲ್ಲವೇನಪ್ಪಾ, ಹಾಕಿಸಿಬಿಡಿ" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಮಗೂಗೆ ಏನಾದ್ರೂ ಆದ್ರೆ ಆದೇಶ ಮಾಡಿದೋರು ಬರ್ತಾರಾ ಫಾದರ್?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಲಸಿಕೆ ಹಾಕಿದ ದಿನ ಆ ಮಗು ಶಾಲೆಗೆ ಬರಲಿಲ್ಲವೆಂದು ಬಳಿಕ ತಿಳಿಯಿತು.

ಅಂದು ನಾವು ಎರಡು ತಪ್ಪು ಮಾಡಿದ್ದೆವು. ಮೊದಲನೆಯದಾಗಿ, ಆ ಲಸಿಕೆಯನ್ನು ಯಾವ ಕಾನೂನೂ ಕಡ್ಡಾಯಗೊಳಿಸಿರಲಿಲ್ಲ. ಎರಡನೆಯದಾಗಿ, ಆದೇಶವೆಂಬುದು ಕಾರಣಕ್ಕೆ ಬದಲಿಯಾಗಲಾರದು. ಮಗುವಿನ ಮೈಗೆ ಸೂಜಿ ತಾಗುವ ಮುನ್ನ ಏಕೆ ಎಂದು ಕೇಳುವ ತಂದೆಗೆ ಏಕೆ ಎಂಬುದನ್ನೇ ಹೇಳಬೇಕು, ಯಾರು ಹೇಳಿದರು ಎಂಬುದನ್ನಲ್ಲ.

ಆ ಜಗಲಿಯ ಪ್ರಶ್ನೆ ಇಂದು ಜಗತ್ತಿನ ಹಲವು ರಾಜಧಾನಿಗಳಲ್ಲಿ ಚರ್ಚೆಯಾಗುತ್ತಿದೆ. ಇಟಲಿ 2017ರಲ್ಲಿ ಮಕ್ಕಳಿಗೆ ಹತ್ತು ಲಸಿಕೆಗಳನ್ನು ಕಡ್ಡಾಯಗೊಳಿಸಿತು. ಫ್ರಾನ್ಸ್ 2018ರಲ್ಲಿ ಮೂರಿದ್ದ ಕಡ್ಡಾಯ ಲಸಿಕೆಗಳನ್ನು ಹನ್ನೊಂದಕ್ಕೆ ಏರಿಸಿತು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಶಾಲೆಗೂ ಶಿಶುವಿಹಾರಕ್ಕೂ ಸೇರುವ ಮಕ್ಕಳಿಗೆ ದಡಾರದ ಲಸಿಕೆ ಅಗತ್ಯವಾಯಿತು. ಇದಕ್ಕೆ ವಿರುದ್ಧವಾಗಿ ಅಮೆರಿಕದ ಫ್ಲಾರಿಡಾ ರಾಜ್ಯದ ಆಡಳಿತವು ಶಾಲಾ ಮಕ್ಕಳ ಕಡ್ಡಾಯ ಲಸಿಕೆಗಳನ್ನೆಲ್ಲ ಕೊನೆಗಾಣಿಸುವ ಉದ್ದೇಶವನ್ನು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಆರಂಭದಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಲಸಿಕೆ ಪಡೆಯದ ಇಬ್ಬರು ಮಕ್ಕಳು ದಡಾರದಿಂದ ತೀರಿಕೊಂಡಿದ್ದರು. ನವೆಂಬರ್‌ನಲ್ಲಿ ಕೆನಡಾ ದೇಶವು ದಡಾರಮುಕ್ತ ಎಂಬ ಮಾನ್ಯತೆಯನ್ನು ಕಳೆದುಕೊಂಡಿತು.

ಹಾಗಾದರೆ ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಸರ್ಕಾರಗಳು ಕಡ್ಡಾಯ ಮಾಡಬಹುದೇ? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸರ್ಕಾರಕ್ಕೆ ಆಜ್ಞೆ ಮಾಡುವ ಅಧಿಕಾರವಿದೆ. ಆದರೆ ಆ ಅಧಿಕಾರವು ಅದು ಹೊರಲು ಸಿದ್ಧವಿರುವ ಹೊಣೆಯಷ್ಟೇ ಇರಬೇಕು, ಅದಕ್ಕಿಂತ ಒಂದು ಗೇಣೂ ಹೆಚ್ಚಿರಬಾರದು.

ರೋಗದ ಸ್ವಭಾವ

ವಾದಕ್ಕೆ ಇಳಿಯುವ ಮುನ್ನ ರೋಗವನ್ನು ಅರಿಯುವುದು ಉಚಿತ. ನಮ್ಮ ಬಾಲ್ಯದಲ್ಲಿ ದಡಾರ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಕ್ರೈಸ್ತ ಕೇರಿಯ ಮನೆಗಳಲ್ಲಿ ಸಂತ ಸೆಬಾಸ್ಟಿಯನ್ನರಿಗೆ ಹರಕೆಯೂ ಆಗುತ್ತಿತ್ತು. ಮಕ್ಕಳೆಂದ ಮೇಲೆ ಒಮ್ಮೆ ಬಂದು ಹೋಗುವ ರೋಗ ಎಂಬ ಉದಾಸೀನವೂ ಇತ್ತು. ಆದರೆ 1963ರಲ್ಲಿ ಲಸಿಕೆ ಬಳಕೆಗೆ ಬರುವ ಮುನ್ನ ಈ ರೋಗವು ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 26 ಲಕ್ಷ ಜನರ ಪ್ರಾಣ ತೆಗೆಯುತ್ತಿತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬದುಕುಳಿದವರಲ್ಲಿಯೂ ಕೆಲವರಿಗೆ ಕಣ್ಣು ಹೋಗುತ್ತಿತ್ತು, ಕೆಲವರ ಮಿದುಳಿಗೆ ಪೆಟ್ಟಾಗುತ್ತಿತ್ತು.

ರುಬೆಲ್ಲಾ ರೋಗದ ಬಗೆ ಬೇರೆ. ಮಗುವಿಗೆ ಬಂದರೆ ಅದು ಸಣ್ಣ ಜ್ವರ, ಮೈಮೇಲೆ ನಾಲ್ಕು ದಿನದ ಗಂದೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಅಂಟಿದರೆ ಹೊಟ್ಟೆಯ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಇಲ್ಲವೇ ಗರ್ಭಪಾತ. ಇದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ಈ ಲಸಿಕೆಯಿಂದ ಸಂತಾನ ಕೆಡುತ್ತದೆಂಬ ಸುದ್ದಿ ಹಬ್ಬಿದ್ದು ಎಂಥ ವಿಪರ್ಯಾಸ! ಅದು ಕಾಯುವುದು ಮುಂದೆ ಹುಟ್ಟಲಿರುವ ಕೂಸನ್ನೇ.

ದಡಾರವು ಬಲು ಬೇಗ ಹರಡುವ ರೋಗ. ರೋಗಿಯು ಕೋಣೆಯಿಂದ ಎದ್ದುಹೋದ ಎರಡು ಗಂಟೆಯವರೆಗೂ ವೈರಾಣು ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯಿಲ್ಲದ ಸಮೂಹದಲ್ಲಿ ಒಬ್ಬನಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟಬಲ್ಲದು. ಆದ್ದರಿಂದ ಅದನ್ನು ತಡೆಯಲು ನೂರರಲ್ಲಿ 95 ಮಂದಿಯಾದರೂ ಎರಡು ಬಾರಿ ಲಸಿಕೆ ಪಡೆದಿರಬೇಕು. ಉಳಿದ ಐವರಲ್ಲಿ ಯಾರಿರುತ್ತಾರೆ? ನಮ್ಮ ದೇಶದಲ್ಲಿ ಮೊದಲ ಡೋಸ್ ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ; ಆದುದರಿಂದ ಅದಕ್ಕಿಂತ ಎಳೆಯ ಕೂಸುಗಳಿಗೆ ಲಸಿಕೆಯ ರಕ್ಷಣೆಯಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಈ ಲಸಿಕೆ ಹಾಕುವಂತಿಲ್ಲ. ಇವರನ್ನು ಕಾಯುವುದು ಇವರ ಸುತ್ತಲಿನ ಮಕ್ಕಳ ಲಸಿಕೆಯೇ. ನೆರೆಮನೆಯ ಮಗುವಿನ ಆರೋಗ್ಯ ನಮ್ಮ ಮನೆಯ ನಿರ್ಧಾರಕ್ಕೆ ಗಂಟುಬಿದ್ದಿರುವುದರಿಂದಲೇ ಸರ್ಕಾರ ಇಲ್ಲಿ ಬಾಯಿ ಹಾಕುತ್ತದೆ.

ಎಲ್ಲ ಲಸಿಕೆಗಳೂ ಈ ವಿಷಯದಲ್ಲಿ ಸಮಾನವಲ್ಲ ಎಂಬುದನ್ನೂ ಗಮನಿಸಬೇಕು. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರ ಲಸಿಕೆ ಆ ಮಗುವಿನ ಹಿತಕ್ಕಷ್ಟೇ ಸಂಬಂಧಿಸಿದ್ದು. ನೆರೆಯವರ ಹಿತದ ಹೆಸರಿನಲ್ಲಿ ಹೂಡುವ ವಾದವನ್ನು ಎಲ್ಲ ಲಸಿಕೆಗಳಿಗೂ ಕಣ್ಣುಮುಚ್ಚಿ ಅನ್ವಯಿಸಲಾಗದು.

ಎರಡು ತೀರ್ಪುಗಳು, ಒಂದು ಎಚ್ಚರಿಕೆ

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ ಶತಮಾನವೇ ಕಳೆದಿದೆ. 1902ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಸಿಡುಬು ಕಾಣಿಸಿಕೊಂಡಾಗ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಆದೇಶವಾಯಿತು. ಹೆನ್ನಿಂಗ್ ಜೇಕಬ್ಸನ್ ಎಂಬ ಲುಥೆರನ್ ಪಾಲಕರು ನಿರಾಕರಿಸಿದರು. ಐದು ಡಾಲರ್ ದಂಡ ಬಿತ್ತು. 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಂಡವನ್ನು ಎತ್ತಿಹಿಡಿಯಿತು. ಸಮಾಜದಲ್ಲಿ ಬಾಳುವವನ ಸ್ವಾತಂತ್ರ್ಯಕ್ಕೆ ಸಮಾಜದ ಕ್ಷೇಮವೇ ಎಲ್ಲೆಯೆಂಬುದು ಆ ತೀರ್ಪಿನ ತಿರುಳು.

ಮಕ್ಕಳ ಲಸಿಕೆಯ ಬಗೆಗೇ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರ ಏಪ್ರಿಲ್ 8ರಂದು ತೀರ್ಪು ನೀಡಿತು. ಜೆಕ್ ದೇಶದ ವಾವ್ರಿಚ್ಕಾ ಎಂಬವರು ತಮ್ಮ ಇಬ್ಬರು ಮಕ್ಕಳಿಗೆ ಪೋಲಿಯೋ, ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸದೆ ದಂಡ ತೆತ್ತಿದ್ದರು. ಲಸಿಕೆಯಿಲ್ಲದ ಕಾರಣ ಶಿಶುವಿಹಾರದ ಪ್ರವೇಶ ಕಳೆದುಕೊಂಡ ಇತರ ಮಕ್ಕಳ ದೂರುಗಳೂ ಅದರೊಡನೆ ಸೇರಿದ್ದವು. ಹದಿನೇಳು ನ್ಯಾಯಾಧೀಶರಲ್ಲಿ ಹದಿನಾರು ಮಂದಿ ಸರ್ಕಾರದ ಪರವಾಗಿ ನಿಂತರು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜೆಕ್ ಕಾನೂನು ದಂಡ ವಿಧಿಸುತ್ತದೆ, ಶಿಶುವಿಹಾರದ ಬಾಗಿಲು ಮುಚ್ಚುತ್ತದೆ. ಆದರೆ ಮಗುವನ್ನು ಹಿಡಿದು ಬಲವಂತವಾಗಿ ಚುಚ್ಚುವುದಿಲ್ಲ.

ಈ ಗೆರೆಯನ್ನು ದಾಟಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸ ಸಾಕ್ಷಿಯಾಗಿದೆ. 1927ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯವು ಮಂದಬುದ್ಧಿಯವಳೆಂಬ ಹಣೆಪಟ್ಟಿ ಹಚ್ಚಿದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಮಾಡಲು ಹೊರಟಾಗ, ಅದೇ ಸುಪ್ರೀಂ ಕೋರ್ಟ್ ಲಸಿಕೆಯ 1905ರ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಅನುಮತಿ ನೀಡಿತು. ಒಂಬತ್ತು ನ್ಯಾಯಾಧೀಶರಲ್ಲಿ ಭಿನ್ನಮತ ತೋರಿದವರು ಒಬ್ಬರೇ: ಪಿಯರ್ಸ್ ಬಟ್ಲರ್, ಅವರು ಕಥೋಲಿಕರು. ನೆರೆಯವರ ರಕ್ಷಣೆಗೆಂದು ಕೊಟ್ಟ ಅಧಿಕಾರ ಇಪ್ಪತ್ತೆರಡು ವರ್ಷಗಳಲ್ಲಿ ದುರ್ಬಲರ ಮೈಯನ್ನೇ ಕತ್ತರಿಸುವ ಅಧಿಕಾರವಾಯಿತು. ಲಸಿಕೆಯನ್ನು ಮನಸಾರೆ ಒಪ್ಪುವವರೂ ಈ ಸಂಗತಿಯನ್ನು ಮರೆಯಬಾರದು.

ಸಮೋವಾದ ಪಾಠ

ಶಾಂತಸಾಗರದ ನಡುವೆ ಸುಮಾರು ಎರಡು ಲಕ್ಷ ಜನರ ಸಮೋವಾ ಎಂಬ ಪುಟ್ಟ ದೇಶವಿದೆ. ಬಹುತೇಕ ಎಲ್ಲರೂ ಕ್ರೈಸ್ತರು. 2018ರ ಜುಲೈಯಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಡಾರದ ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಇಬ್ಬರು ಹಸುಳೆಗಳು ಅಸುನೀಗಿದರು. ದೋಷ ಲಸಿಕೆಯದಾಗಿರಲಿಲ್ಲ, ಲಸಿಕೆಯ ಪುಡಿಗೆ ನೀರಿನ ಬದಲು ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ದಾದಿಯರು ಕಣ್ತಪ್ಪಿನಿಂದ ಬೆರೆಸಿದ್ದರು. ಸರ್ಕಾರವು ತಿಂಗಳುಗಟ್ಟಲೆ ಲಸಿಕೆ ಕಾರ್ಯಕ್ರಮವನ್ನೇ ನಿಲ್ಲಿಸಿತು. ಪುನಃ ಆರಂಭಿಸಿದಾಗ ತಾಯಂದಿರು ಮಕ್ಕಳನ್ನು ಕರೆತರಲಿಲ್ಲ. ದಡಾರದ ಲಸಿಕೆ ಪಡೆದ ಕೂಸುಗಳ ಪ್ರಮಾಣ ಶೇಕಡಾ 31ರಷ್ಟಕ್ಕೆ ಕುಸಿಯಿತು.

2019ರ ಕೊನೆಯ ತಿಂಗಳುಗಳಲ್ಲಿ ರೋಗ ಬಂತು. 5,700ಕ್ಕೂ ಹೆಚ್ಚು ಜನರಿಗೆ ದಡಾರ ತಗುಲಿತು; 83 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ನವೆಂಬರ್ 15ರಂದು ತುರ್ತುಸ್ಥಿತಿ ಘೋಷಣೆಯಾಯಿತು; ಲಸಿಕೆ ಕಡ್ಡಾಯವಾಯಿತು. ಡಿಸೆಂಬರ್ 5 ಮತ್ತು 6ರಂದು ಇಡೀ ದೇಶ ಬಾಗಿಲು ಹಾಕಿತು. ಲಸಿಕೆ ಪಡೆಯದವರಿದ್ದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಲಾಯಿತು; ಆರೋಗ್ಯ ಕಾರ್ಯಕರ್ತರು ಆ ಮನೆಗಳಿಗೆ ಹೋದರು. ಕೆಲವೇ ವಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರು ಲಸಿಕೆ ಪಡೆದರು, ರೋಗ ತಗ್ಗಿತು.

ಈ ಕಥೆಯನ್ನು ಇಬ್ಬರೂ ತಮ್ಮ ಪರವಾಗಿ ಹೇಳುತ್ತಾರೆ. ಕಡ್ಡಾಯ ಮಾಡಿದ್ದರಿಂದಲೇ ರೋಗ ನಿಂತಿತೆಂದು ಒಬ್ಬರು ಹೇಳಿದರೆ, ಲಸಿಕೆ ಹಾಕುವಾಗಲೇ ಕೂಸುಗಳು ಸತ್ತವೆಂದು ಇನ್ನೊಬ್ಬರು ಹೇಳುತ್ತಾರೆ. ನಮಗೆ ಕಾಣುವ ಪಾಠವೇ ಬೇರೆ. ಇಬ್ಬರು ಮಕ್ಕಳ ಸಾವಿನ ನಂತರ ಕಳೆದುಹೋದ ನಂಬಿಕೆಯನ್ನು ಸರ್ಕಾರ ಮನೆಮನೆಗೆ ಹೋಗಿ ಮರಳಿ ಗಳಿಸಬೇಕಾಗಿತ್ತು. ಆ ಕೆಲಸ ಆಗಲಿಲ್ಲ. ಅದರ ಬೆಲೆಯನ್ನು ತೆತ್ತವರು 83 ಮಂದಿ. ತುರ್ತು ಆಜ್ಞೆ ಅಂದು ಅನಿವಾರ್ಯವೇ ಆಗಿತ್ತು. ಆದರೆ ಅದು ಮೊದಲೇ ಮಾಡಬೇಕಾಗಿದ್ದ ಕರ್ತವ್ಯ ತಪ್ಪಿದ್ದರಿಂದ ಬಂದ ಅನಿವಾರ್ಯತೆ.

ನಮ್ಮ ನೆಲದ ಅನುಭವ

ದೂರದ ದ್ವೀಪದಿಂದ ನಮ್ಮ ದೇಶಕ್ಕೆ ಬರೋಣ. ನಮ್ಮ ವಯಸ್ಸಿನವರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆ ಇನ್ನೂ ಇದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳದು; 1980ರ ಮೇ ತಿಂಗಳಲ್ಲಿ ಜಗತ್ತೇ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಆ ಮಹಾಕಾರ್ಯದ ಕೊನೆಯ ಹಂತದಲ್ಲಿ ಬಲವಂತವೂ ನಡೆಯಿತು. ಆಗಿನ ಬಿಹಾರದ ಸಿಂಗ್‌ಭೂಮ್ ಪ್ರದೇಶದಲ್ಲಿ ಲಸಿಕೆಯ ತಂಡವೊಂದು ರಾತ್ರಿಯಲ್ಲಿ ಹೋ ಬುಡಕಟ್ಟಿನ ಮುಖಂಡರೊಬ್ಬರ ಮನೆಯ ಬಾಗಿಲು ಮುರಿದು ಒಳನುಗ್ಗಿ, ಅವರನ್ನೂ ಮನೆಯವರನ್ನೂ ಹಿಡಿದು ಲಸಿಕೆ ಹಾಕಿತು. ತಂಡದೊಡನೆ ಇದ್ದ ಅಮೆರಿಕದ ವೈದ್ಯ ಲಾರೆನ್ಸ್ ಬ್ರಿಲಿಯಂಟ್ ಅದನ್ನು ಬರೆದಿಟ್ಟಿದ್ದಾರೆ. ಎಲ್ಲ ಮುಗಿದ ಮೇಲೆ ಆ ಮುಖಂಡರು ಹಿತ್ತಲಿಗೆ ಹೋಗಿ ತಾವು ಬೆಳೆದ ತರಕಾರಿ ಕಿತ್ತು ತಂದು, ಬಾಗಿಲು ಮುರಿದವರಿಗೇ ನೀಡಿದರಂತೆ. ರೋಗವನ್ನು ಕೊಡುವವನೂ ಕಾಯುವವನೂ ದೇವರೆಂದು ನಂಬಿದ ತಮಗೆ ಎದುರಿಸುವುದು ಧರ್ಮವಾಗಿತ್ತು, ಅದನ್ನು ಮಾಡಿದ್ದಾಯಿತು. ಇನ್ನು ಮನೆಗೆ ಬಂದವರು ಅತಿಥಿಗಳು ಎಂಬುದು ಅವರ ಭಾವ. ಲಸಿಕೆಯ ವಿಷಯದಲ್ಲಿ ಅವರ ಎಣಿಕೆ ತಪ್ಪಾಗಿತ್ತೆಂದೇ ನಮ್ಮ ಭಾವನೆ. ಆದರೂ ಆ ರಾತ್ರಿ ಆ ಮನೆಯಲ್ಲಿ ಹೆಚ್ಚು ಘನತೆಯಿಂದ ನಡೆದುಕೊಂಡವರು ಯಾರು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟವಲ್ಲ.

ಅದೇ ಕಾಲಕ್ಕೆ ತುರ್ತುಪರಿಸ್ಥಿತಿ ಬಂತು. 1975ರಿಂದ 1977ರವರೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜನರನ್ನು ಎಳೆದೊಯ್ದ ಕಹಿ ಹಳ್ಳಿಹಳ್ಳಿಯ ನೆನಪಿನಲ್ಲಿ ಉಳಿಯಿತು. ಮುಂದೆ ಪೋಲಿಯೋ ಹನಿಗೂ ದಡಾರದ ಸೂಜಿಗೂ ಸಂತಾನ ಕೆಡುತ್ತದೆಂಬ ಒಂದೇ ಅಪವಾದ ಅಂಟಿಕೊಂಡಿದ್ದು ಆಕಸ್ಮಿಕವಲ್ಲ. ನಮ್ಮ ಜಗಲಿಗೆ ಬಂದ ಆ ತಂದೆಯ ಮೊಬೈಲಿನಲ್ಲಿದ್ದುದು ಹೊಸ ಸುಳ್ಳು. ಅದು ಬೇರೂರಿದ್ದು ಹಳೆಯ ಗಾಯದಲ್ಲಿ.

ಇದಕ್ಕೆ ಎದುರಾಗಿ ಪೋಲಿಯೋ ಹೋರಾಟವನ್ನು ನೋಡಿರಿ. ರಾಷ್ಟ್ರಮಟ್ಟದ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಹನಿ ಹಾಕಿಸದ ತಂದೆತಾಯಿಗೆ ಯಾವ ದಂಡವೂ ಇರಲಿಲ್ಲ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಜನರು ಬಾಗಿಲು ಮುಚ್ಚಿದಾಗ ಕಾರ್ಯಕರ್ತೆಯರು ಮತ್ತೆ ಮತ್ತೆ ಹೋದರು. ಮೌಲವಿಗಳು ಮಸೀದಿಗಳಿಂದ ಹನಿ ಹಾಕಿಸಿರೆಂದು ಸಾರಿದರು. ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಲಭಿಸಿತು. ಕಾನೂನಿನ ಕೋಲು ಎತ್ತದೆ ಇಷ್ಟು ದೊಡ್ಡ ದೇಶ ಇದನ್ನು ಸಾಧಿಸಿತು.

2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಉದ್ಘಾಟನೆಯಾದ ದಡಾರ–ರುಬೆಲ್ಲಾ ಅಭಿಯಾನ ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳೂ ಅದರ ವ್ಯಾಪ್ತಿಗೆ ಸೇರಿದ್ದರು. ಇದೇ ಅಭಿಯಾನ ದೆಹಲಿಗೆ ಬಂದಾಗ, ಪಾಲಕರ ಒಪ್ಪಿಗೆ ಕೇಳದೆ ಶಾಲೆಯಲ್ಲಿ ಲಸಿಕೆ ಹಾಕುವ ಆದೇಶವನ್ನು ದೆಹಲಿ ಹೈಕೋರ್ಟ್ 2019ರ ಜನವರಿಯಲ್ಲಿ ರದ್ದುಪಡಿಸಿತು. ಅಡ್ಡಪರಿಣಾಮಗಳನ್ನು ತಿಳಿಸಿದರೆ ಪಾಲಕರು ಹಿಂಜರಿದಾರು, ಆದ್ದರಿಂದ ತಿಳಿಸಬಾರದು ಎಂಬ ವಾದವನ್ನೂ ಅದು ಒಪ್ಪಲಿಲ್ಲ. ಮುಂದೆ ಕೋವಿಡ್ ಲಸಿಕೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪಿತ್ತು, ಯಾರಿಗೂ ಬಲವಂತದಿಂದ ಲಸಿಕೆ ಹಾಕಲಾಗದೆಂದೂ, ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ನ್ಯಾಯೋಚಿತ ನಿರ್ಬಂಧಗಳನ್ನು ಸರ್ಕಾರ ಹೇರಬಹುದೆಂದೂ ಹೇಳಿತು. ಲಸಿಕೆಯ ನಂತರ ಕಂಡುಬಂದ ತೊಂದರೆಗಳ ವರದಿಗಳು ಸಾರ್ವಜನಿಕರಿಗೆ ದೊರೆಯಬೇಕೆಂದೂ ಆದೇಶಿಸಿತು.

ತಂದೆತಾಯಿಯರ ಹಕ್ಕು ಎಲ್ಲಿಯವರೆಗೆ?

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಒಂದು ಸೂಕ್ಷ್ಮ ಪ್ರಶ್ನೆಯನ್ನು ಎತ್ತಿಕೊಂಡರು. ಯೆಹೂದ್ಯರ ಮಕ್ಕಳಿಗೆ ಅವರ ತಂದೆತಾಯಿಯರ ಇಚ್ಛೆಗೆ ವಿರುದ್ಧವಾಗಿ ದೀಕ್ಷಾಸ್ನಾನ ಕೊಡಬಹುದೇ? ಆತ್ಮದ ನಿತ್ಯ ರಕ್ಷಣೆಯ ಪ್ರಶ್ನೆಯದು. ಅದಕ್ಕಿಂತ ದೊಡ್ಡ ಹಿತವನ್ನು ಧರ್ಮಸಭೆ ಅರಿಯದು. ಆದರೂ ಅವರು ಕೂಡದು ಎಂದರು. ಮಗುವಿಗೆ ಸ್ವಂತ ವಿವೇಚನೆ ಬರುವ ತನಕ ಅದು ಸಹಜ ನ್ಯಾಯದ ಪ್ರಕಾರ ತಂದೆತಾಯಿಯರ ಆರೈಕೆಯಲ್ಲಿದೆ ಎಂಬುದು ಅವರ ಉತ್ತರ. ಹಿತದ ಹೆಸರಿನಲ್ಲಿ ತಂದೆತಾಯಿಯರನ್ನು ಬದಿಗೊತ್ತುವ ಯಾವ ಅಧಿಕಾರಕ್ಕೂ ಇದು ಎಚ್ಚರಿಕೆ.

ಆದರೆ ಆರೈಕೆ ಬೇರೆ, ಒಡೆತನ ಬೇರೆ. ಹೊಲ ನಮ್ಮದು, ಎತ್ತು ನಮ್ಮದು. ಮಗು ಆ ಅರ್ಥದಲ್ಲಿ ನಮ್ಮದಲ್ಲ. ದೇವರು ಕಾಪಿಡಲು ಕೊಟ್ಟ ನಿಧಿಯದು. ಧರ್ಮಸಭೆಯ ಸ್ನೇಹಿತರಲ್ಲದ ಜಾನ್ ಸ್ಟುವರ್ಟ್ ಮಿಲ್ ಕೂಡ 1859ರಲ್ಲಿ ಬರೆದ ಸ್ವಾತಂತ್ರ್ಯದ ಗ್ರಂಥದಲ್ಲಿ ಇದನ್ನೇ ಹೇಳಿದರು: ಒಬ್ಬನ ಸ್ವಾತಂತ್ರ್ಯಕ್ಕೆ ಇನ್ನೊಬ್ಬನಿಗಾಗುವ ಹಾನಿಯೇ ಎಲ್ಲೆ, ಮಕ್ಕಳ ಮೇಲಿನ ಅಧಿಕಾರವನ್ನು ತನ್ನದೇ ಸ್ವಾತಂತ್ರ್ಯವೆಂದು ತಿಳಿಯುವುದು ತಪ್ಪು. ದೂರದೂರದ ದಾರಿಗಳಿಂದ ಬಂದ ಈ ಇಬ್ಬರು ಚಿಂತಕರು ಒಂದೆಡೆ ಕೂಡುತ್ತಾರೆ. ದೀಕ್ಷಾಸ್ನಾನ ನಿರಾಕರಿಸಿದ ಮನೆಯಿಂದ ನೆರೆಮನೆಯ ಕೂಸಿಗೆ ಸಾವು ಹರಡುವುದಿಲ್ಲ, ದಡಾರ ಹರಡುತ್ತದೆ. ಆದ್ದರಿಂದ ತಂದೆತಾಯಿಯರ ಹಕ್ಕು ಇಲ್ಲಿ ಪೂರ್ಣವಲ್ಲ. ಅದನ್ನು ತುಳಿದುಹಾಕಲು ಬರುವಂತೆಯೂ ಇಲ್ಲ.

ಕಥೋಲಿಕರ ಮನಸ್ಸಾಕ್ಷಿ

ನಮ್ಮ ಕುಟುಂಬಗಳನ್ನು ಕಾಡುವ ಇನ್ನೊಂದು ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ರುಬೆಲ್ಲಾ ಲಸಿಕೆಯ ವೈರಾಣುವನ್ನು ಬೆಳೆಸುವ ಜೀವಕೋಶಗಳ ಸಂತತಿಯು 1960ರ ದಶಕದಲ್ಲಿ ಗರ್ಭಪಾತಕ್ಕೊಳಗಾದ ಭ್ರೂಣಗಳಿಂದ ತೆಗೆದದ್ದು. ಆ ಕೋಶಗಳು ಅಂದಿನಿಂದ ಪ್ರಯೋಗಶಾಲೆಯಲ್ಲಿ ತಾವೇ ಬೆಳೆದುಕೊಂಡು ಬಂದಿವೆ. ಲಸಿಕೆಗಾಗಿ ಹೊಸ ಗರ್ಭಪಾತ ನಡೆಯುವುದಿಲ್ಲ. ಆದರೂ ಮೂಲದ ದೋಷ ದೋಷವೇ. ಜೀವಕ್ಕಾಗಿರುವ ವ್ಯಾಟಿಕನ್ನಿನ ಅಕಾಡೆಮಿ 2005ರಲ್ಲಿ ಇದನ್ನು ವಿಮರ್ಶಿಸಿ, ಬೇರೆ ಲಸಿಕೆ ಇಲ್ಲದಿರುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ಕಾಯಲು ಇದನ್ನು ಬಳಸಬಹುದು, ಆದರೆ ನಿರ್ದೋಷವಾದ ಲಸಿಕೆಗಾಗಿ ಒತ್ತಾಯಿಸುತ್ತಲೂ ಇರಬೇಕು ಎಂದಿತು. 2017ರಲ್ಲಿ ಇನ್ನಷ್ಟು ಸ್ಪಷ್ಟವಾಗಿ, ವೈದ್ಯರು ಸೂಚಿಸಿದ ಲಸಿಕೆಗಳನ್ನು ನಿರಾಳ ಮನಸ್ಸಿನಿಂದ ಪಡೆಯಬಹುದೆಂದು ತಿಳಿಸಿತು. ಹುಟ್ಟಲಿರುವ ಕೂಸಿನ ಪರವಾಗಿ ನಿಲ್ಲುವ ನಾವು, ಹುಟ್ಟಲಿರುವ ಕೂಸನ್ನೇ ಕೊಲ್ಲುವ ರುಬೆಲ್ಲಾ ರೋಗಕ್ಕೆ ದಾರಿ ಬಿಟ್ಟುಕೊಡುವುದು ಹೇಗೆ?

ವಿಶ್ವಾಸ ಸಿದ್ಧಾಂತದ ಪರಿಷತ್ತು 2020ರ ಡಿಸೆಂಬರ್ 21ರಂದು ಕೋವಿಡ್ ಲಸಿಕೆಗಳ ಬಗ್ಗೆ ಹೊರಡಿಸಿದ ಟಿಪ್ಪಣಿಯು ನಮ್ಮ ಚರ್ಚೆಗೆ ಎರಡು ಅಂಚಿನ ಬೆಳಕನ್ನು ಬೀರುತ್ತದೆ. ಲಸಿಕೆ ಪಡೆಯುವುದು ಸಾಮಾನ್ಯವಾಗಿ ನೈತಿಕ ಕಡ್ಡಾಯವಲ್ಲ, ಆದ್ದರಿಂದ ಅದು ಸ್ವಯಿಚ್ಛೆಯದಾಗಿರಬೇಕು ಎಂಬುದು ಒಂದು ಅಂಚು. ಮನಸ್ಸಾಕ್ಷಿಯ ಕಾರಣದಿಂದ ನಿರಾಕರಿಸುವವರು ತಮ್ಮಿಂದ ಇತರರಿಗೆ ರೋಗ ಹರಡದಂತೆ ಸರ್ವಪ್ರಯತ್ನ ಮಾಡಬೇಕು ಎಂಬುದು ಇನ್ನೊಂದು. ದಿವಂಗತ ಪೋಪ್ ಫ್ರಾನ್ಸಿಸರು 2021ರ ಆಗಸ್ಟ್‌ನಲ್ಲಿ ಲಸಿಕೆ ಪಡೆಯುವುದನ್ನು ಪ್ರೀತಿಯ ಕಾರ್ಯವೆಂದು ಕರೆದರು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದು. ಆದರೆ ಪ್ರೀತಿಯಿಲ್ಲದವನ ನಿರ್ಲಕ್ಷ್ಯದಿಂದ ದುರ್ಬಲರನ್ನು ಕಾಯಲು ಕಾನೂನು ಬೇಕಾಗುತ್ತದೆ.

ನಮ್ಮ ನಿಲುವು

ಸುಲಭವಾಗಿ ಹರಡುವ, ಮಕ್ಕಳ ಪ್ರಾಣ ತೆಗೆಯುವ ರೋಗಗಳ ವಿಷಯದಲ್ಲಿ ಲಸಿಕೆಯನ್ನು ಕಾನೂನಿನ ಕರ್ತವ್ಯವನ್ನಾಗಿ ಮಾಡುವ ಅಧಿಕಾರ ಸರ್ಕಾರಕ್ಕಿದೆ ಎಂದು ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ನಾಲ್ಕು ಷರತ್ತುಗಳಿವೆ.

ಮೊದಲನೆಯದಾಗಿ, ಕೇಳುವ ಮುನ್ನ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ಶೇಕಡಾ 76ರಷ್ಟು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಅದು 62 ಆಗಿತ್ತು. ಉಳಿದವರೆಲ್ಲ ಹಟಮಾರಿಗಳಲ್ಲ. ಇಟ್ಟಿಗೆ ಗೂಡಿನಿಂದ ಇಟ್ಟಿಗೆ ಗೂಡಿಗೆ, ಕಟ್ಟಡದಿಂದ ಕಟ್ಟಡಕ್ಕೆ ಗುಳೆ ಹೋಗುವ ಕೂಲಿಯವರ ಮಕ್ಕಳು ಅವರಲ್ಲಿದ್ದಾರೆ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾಗದ ತಾಯಂದಿರಿದ್ದಾರೆ. ಅವರಿಗೆ ದಂಡ ಹಾಕುವುದು ಬಡತನಕ್ಕೆ ದಂಡ ಹಾಕಿದಂತೆ.

ಎರಡನೆಯದಾಗಿ, ಸತ್ಯ ಹೇಳಬೇಕು. ಯಾವ ಔಷಧವೂ ಅಪಾಯದಿಂದ ಸಂಪೂರ್ಣ ಮುಕ್ತವಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಯೇ ಲಕ್ಷಾಂತರ ಡೋಸ್‌ಗಳಲ್ಲಿ ಎಲ್ಲೋ ಒಂದೆಡೆ ಪಾರ್ಶ್ವವಾಯು ತರಬಲ್ಲದು. ಇದನ್ನು ಬಚ್ಚಿಟ್ಟರೆ ವದಂತಿ ಬೆಳೆಯುತ್ತದೆ. ತಿಳಿಸಿದರೆ ನಂಬಿಕೆ ಬೆಳೆಯುತ್ತದೆ. ಸುಳ್ಳನ್ನೂ ಸುಳ್ಳೆಂದೇ ಹೇಳಬೇಕು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ಪ್ರಕಟಿಸಿದ ವೈದ್ಯಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತೆಂಬುದನ್ನು ಎಷ್ಟು ತಂದೆತಾಯಿಯರು ಬಲ್ಲರು?

ಮೂರನೆಯದಾಗಿ, ಮಗುವಿನ ಮೈಮೇಲೂ ಭವಿಷ್ಯದ ಮೇಲೂ ಕೈ ಮಾಡಬಾರದು. ಹಿಡಿದು ಚುಚ್ಚುವುದು ಯಾವ ಕಾಲಕ್ಕೂ ಸಲ್ಲದು. ನಮ್ಮಂಥ ದೇಶದಲ್ಲಿ ಶಾಲೆಯಿಂದ ಹೊರಗಿಡುವುದೆಂದರೆ ಅಕ್ಷರದ ಜೊತೆಗೆ ಮಧ್ಯಾಹ್ನದ ಬಿಸಿಯೂಟವನ್ನೂ ಕಸಿದಂತೆ. ತಂದೆಯ ತಪ್ಪಿಗೆ ಮಗು ಹಸಿಯಬೇಕಾಗುತ್ತದೆ. ಶಾಲೆಗೆ ಸೇರುವಾಗ ಲಸಿಕೆಯ ಕಾರ್ಡು ಕೇಳಲಿ. ಇಲ್ಲದವರಿಗೆ ಅಲ್ಲಿಯೇ ಹಾಕಲಿ. ಬೇಡವೆನ್ನುವವರು ವೈದ್ಯರ ಮಾತು ಕೇಳಿದ ಬಳಿಕ ಬರೆದುಕೊಡಲಿ. ಊರಿನಲ್ಲಿ ರೋಗ ಕಾಣಿಸಿಕೊಂಡ ದಿನಗಳಲ್ಲಿ ಅಂಥ ಮಕ್ಕಳು ಮನೆಯಲ್ಲಿರಬೇಕೆಂದು ಹೇಳುವುದು ನ್ಯಾಯ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆಜ್ಞೆ ಮಾಡಿದವರು ಹೊಣೆ ಹೊರಬೇಕು. ಬ್ರಿಟನ್ 1979ರಲ್ಲಿ, ಅಮೆರಿಕ 1986ರಲ್ಲಿ ಲಸಿಕೆಯಿಂದ ತೀವ್ರ ಹಾನಿಗೊಳಗಾದವರಿಗೆ ಪರಿಹಾರ ನೀಡುವ ಕಾನೂನು ಮಾಡಿದವು. ಅಲ್ಲಿ ಯಾರ ತಪ್ಪು ಎಂದು ಸಾಬೀತುಪಡಿಸಬೇಕಾಗಿಲ್ಲ. ಸಮಾಜದ ಹಿತಕ್ಕಾಗಿ ಒಬ್ಬ ತಾಯಿ ಮಗುವಿನ ತೋಳು ಒಡ್ಡಿದ ಮೇಲೆ, ಲಕ್ಷಕ್ಕೊಂದು ಎಂಬ ಆ ಒಂದು ತನ್ನ ಮಗುವೇ ಆದಲ್ಲಿ, ಆ ಭಾರವನ್ನು ಅವಳೊಬ್ಬಳೇ ಹೊರುವಂತೆ ಬಿಡುವುದು ಅನ್ಯಾಯ. ಲಸಿಕೆ ಕಡ್ಡಾಯವೆಂಬ ಕಾನೂನು ಯಾವ ಪುಟದಲ್ಲಿ ಬರುತ್ತದೋ ಪರಿಹಾರದ ಕಾನೂನು ಅದರ ಮಗ್ಗುಲಲ್ಲೇ ಇರಬೇಕು. ಒಂದನ್ನು ಬರೆಯಲು ಶಾಯಿಯಿದ್ದು ಇನ್ನೊಂದಕ್ಕೆ ಇಲ್ಲವೆನ್ನುವ ಸರ್ಕಾರಕ್ಕೆ ಕಡ್ಡಾಯ ಮಾಡುವ ನೈತಿಕ ಹಕ್ಕಿಲ್ಲ.

ಇನ್ನು ನಮ್ಮ ಕುಟುಂಬಗಳಿಗೆ ಒಂದು ಮಾತು. ಕಾನೂನು ಬರಲಿ, ಬಾರದಿರಲಿ, ಮಕ್ಕಳಿಗೆ ಲಸಿಕೆ ಹಾಕಿಸಿರಿ. ನಿಮ್ಮ ಮಗುವಿಗಾಗಿ ಒಂದು ಪಾಲು. ಅದೇ ಬೆಂಚಿನಲ್ಲಿ ಕೂರುವ ದುರ್ಬಲ ಮಗುವಿಗಾಗಿ ಇನ್ನೊಂದು ಪಾಲು. ಅನುಮಾನವಿದ್ದರೆ ಮೊಬೈಲನ್ನು ಕೇಳಬೇಡಿ, ವೈದ್ಯರನ್ನು ಕೇಳಿರಿ. ದೀಕ್ಷಾಸ್ನಾನಕ್ಕೆ ಹೆಸರು ಬರೆಸಲು ಬರುವ ತಂದೆತಾಯಿಯರನ್ನು ಲಸಿಕೆಯ ಕಾರ್ಡಿನ ಬಗೆಗೂ ವಿಚಾರಿಸುವುದನ್ನು ನಾವು ಆ ವರ್ಷದಿಂದ ರೂಢಿ ಮಾಡಿಕೊಂಡಿದ್ದೇವೆ. ಅಪ್ಪಣೆಯಾಗಿ ಅಲ್ಲ, ಮನೆಯ ಹಿರಿಯರು ವಿಚಾರಿಸುವಂತೆ.

ಆ ತಂದೆಯ ಮನೆಗೆ ನಾವು ಎರಡು ತಿಂಗಳ ನಂತರ ಹೋದೆವು. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆವು. ಆಕೆ ಆದೇಶದ ಮಾತೆತ್ತಲಿಲ್ಲ. ರುಬೆಲ್ಲಾ ಎಂದರೇನೆಂದು ಹೇಳಿದರು; ಸೂಜಿಯ ನಂತರ ಜ್ವರ ಬರಬಹುದೆಂದೂ ಹೇಳಿದರು; ತಮ್ಮ ಮಗಳಿಗೂ ಹಾಕಿಸಿರುವುದಾಗಿ ತಿಳಿಸಿದರು; ಏನಾದರೂ ಆದರೆ ಕರೆಯಿರೆಂದು ತಮ್ಮ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟರು. ಮರುವಾರ ತಂದೆಯೇ ಮಗಳನ್ನು ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದರು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಏನಾದರೂ ಆದರೆ ಬರುತ್ತಾರಾ ಎಂದು ಆ ತಂದೆ ಕೇಳಿದ್ದರು. ಬರುತ್ತೇನೆ ಎಂದು ಒಬ್ಬ ದಾದಿ ತನ್ನ ಮಟ್ಟಿಗೆ ಉತ್ತರ ಕೊಟ್ಟರು. ಅದೇ ಉತ್ತರವನ್ನು ಕಾನೂನಿನಲ್ಲಿ ಬರೆದುಕೊಡುವ ಸರ್ಕಾರ ಲಸಿಕೆಯನ್ನು ಧಾರಾಳವಾಗಿ ಕಡ್ಡಾಯ ಮಾಡಲಿ. ನಾವು ಪೀಠದ ಮುಂದೆ ನಿಂತು ಅದನ್ನು ಬೆಂಬಲಿಸುತ್ತೇವೆ.